ದನಗಳ ಜಂತುಬಾಧೆಯೂ ತ್ರಿವಿಧ ಚಿಕಿತ್ಸೆಯೂ

ಶಾಲೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಾದವನು ಲೇಖನ ಬರೆಯುವನೆಂದರೆ ವಚನಸಾಹಿತ್ಯವನ್ನೋ ಷಟ್ಪದೀ ಕಾವ್ಯವನ್ನೋ ಕುರಿತು ಬರೆಯುವನೆಂದು ಓದುಗರು ನಿರೀಕ್ಷಿಸುವುದು ಸಹಜ. ದನಗಳ ಹೊಟ್ಟೆಯ ಹುಳುವಿಗೂ ಪಂಡಿತನಿಗೂ ಏನು ಸಂಬಂಧವೆಂದು ಕೆಲವರು ನಗಲೂಬಹುದು. ಆದರೆ ಕೃಷ್ಣೆಯ ದಂಡೆಯ ಈ ಉಗಾರ ಖುರ್ದದಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಮನೆಮನೆಯ ಕೊಟ್ಟಿಗೆಯಲ್ಲಿ ಎಮ್ಮೆ ಆಕಳುಗಳನ್ನು ಕಟ್ಟಿಕೊಂಡು ಬಾಳುವ ಜನರ ಮಕ್ಕಳೇ ನಮ್ಮ ವಿದ್ಯಾರ್ಥಿಗಳು. ಶ್ರೀಮಠದ ದಾಸೋಹಕ್ಕೆ ಹಾಲು ಹರಿದುಬರುವುದೂ ಇವೇ ಕೊಟ್ಟಿಗೆಗಳಿಂದ. ಆ ಹಾಲಿನ ಮೂಲಕ್ಕೇ ಕುಳಿತು ಹೀರುವ ಶತ್ರುವಿನ ವಿಚಾರ ನಮ್ಮ ವಿಚಾರವಲ್ಲವೆಂದು ಹೇಳುವುದು ಹೇಗೆ?

ಪೂರ್ವಸೂರಿಗಳ ಮಾರ್ಗ

ಕನ್ನಡ ಸಾಹಿತ್ಯವು ಪಶುವೈದ್ಯವನ್ನು ಹೀನವೆಂದು ಎಂದೂ ಭಾವಿಸಲಿಲ್ಲ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಕಲ್ಯಾಣದ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಈತನು ಆರನೆಯ ವಿಕ್ರಮಾದಿತ್ಯನ ಸೋದರನು. ಸಿಂಹಾಸನದ ಸಮೀಪದಲ್ಲಿದ್ದವನು ಹಟ್ಟಿಯ ದನಗಳ ರೋಗವನ್ನು ಕುರಿತು ಕನ್ನಡದಲ್ಲಿ ಬರೆದನೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅದರಲ್ಲಿ ಔಷಧದೊಡನೆ ಮಂತ್ರತಂತ್ರಗಳೂ ಬೆರೆತಿವೆಯೆಂದು ಸಾಹಿತ್ಯಚರಿತ್ರಕಾರರು ಹೇಳುವರು. ಆ ಕಾಲದ ಅರಿವಿಗೆ ಅದು ಸಹಜವೇ. ಶರಣರ ಕಾಲಕ್ಕೆ ಬಂದರೆ ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನೂ ವೈದ್ಯ ಕಾಯಕದ ಸಂಗಣ್ಣನೂ ಒಂದೇ ಮಹಾಮನೆಯ ಅಂಗಳದಲ್ಲಿ ಸಮಾನರಾಗಿ ಕುಳಿತರು. ದನಗಾಹಿಯ ಅನುಭವ ಮತ್ತು ವೈದ್ಯನ ಶಾಸ್ತ್ರ ಇವೆರಡೂ ಕೂಡಿಕೊಂಡರೆ ಏನಾಗಬಲ್ಲುದೆಂಬುದಕ್ಕೆ ಅದೊಂದು ಸೂಚನೆಯೆಂದು ನಾನು ತಿಳಿದಿದ್ದೇನೆ.

ಇನ್ನು ಕ್ರಿಮಿಗಳ ವಿಚಾರಕ್ಕೆ ಬಂದರೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಒಂದು ಅಮೂಲ್ಯವಾದ ಉಪದೇಶವಿದೆ. ಅದು ಮನುಷ್ಯರ ಚಿಕಿತ್ಸೆಯನ್ನು ಕುರಿತದ್ದು. ಆದರೂ ತತ್ತ್ವವು ವ್ಯಾಪಕವಾದದ್ದು. ಕ್ರಿಮಿಚಿಕಿತ್ಸೆಗೆ ಅಲ್ಲಿ ಮೂರು ಮೆಟ್ಟಿಲುಗಳನ್ನು ಹೇಳಿದೆ. ಮೊದಲನೆಯದು ಅಪಕರ್ಷಣ, ಅಂದರೆ ಒಳಗಿರುವ ಕ್ರಿಮಿಗಳನ್ನು ಹೊರಹಾಕುವುದು. ಎರಡನೆಯದು ಪ್ರಕೃತಿವಿಘಾತ, ಅಂದರೆ ಅವು ಹುಟ್ಟಿ ಬೆಳೆಯಲು ಅನುಕೂಲವಾದ ನೆಲೆಯನ್ನು ಕೆಡಿಸುವುದು. ಮೂರನೆಯದು ನಿದಾನಪರಿವರ್ಜನ, ಅಂದರೆ ರೋಗಕ್ಕೆ ಕಾರಣವಾದುದನ್ನು ಸೇವಿಸದೆ ಬಿಡುವುದು. ಇಂದು ನಾವು ಅಂಗಡಿಯಿಂದ ಔಷಧದ ಬಾಟಲಿ ತಂದು ದನದ ಬಾಯಿಗೆ ಸುರಿದು ಕೈತೊಳೆದುಕೊಳ್ಳುತ್ತೇವೆ. ಶಾಸ್ತ್ರದ ಲೆಕ್ಕದಲ್ಲಿ ಅದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದೆರಡು ಪಾಲುಗಳನ್ನು ಬಿಟ್ಟುದರಿಂದಲೇ ಹುಳುಗಳು ಮತ್ತೆ ಮತ್ತೆ ಬರುತ್ತಿವೆ. ಈ ಲೇಖನದ ಅಭಿಪ್ರಾಯವೆಲ್ಲ ಇಷ್ಟೇ.

ಒಂದು ಕರುವಿನಿಂದ ಕಲಿತ ಪಾಠ

ಈ ಮಾತನ್ನು ನಾನು ಗ್ರಂಥದಿಂದಷ್ಟೇ ಕಲಿತವನಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಎಮ್ಮೆಯೊಂದು ಈಯಿತು. ಈಯುವುದಕ್ಕೆ ಒಂದು ತಿಂಗಳು ಮೊದಲೇ ಅದಕ್ಕೆ ಜಂತುಹುಳುವಿನ ಔಷಧ ಹಾಕಿಸಿದ್ದೆನು. ಕರುವಿನ ವಿಷಯದಲ್ಲಿ ಆದಕಾರಣ ನಿಶ್ಚಿಂತನಾಗಿದ್ದೆ. ಎರಡು ವಾರ ಚೆನ್ನಾಗಿ ಕುಣಿದಾಡಿದ ಕರು ಮೂರನೆಯ ವಾರದಲ್ಲಿ ಮಂಕಾಯಿತು. ಹೊಟ್ಟೆ ಉಬ್ಬಿತು, ಮೈಗೂದಲು ನಿಮಿರಿತು, ಸೆಗಣಿ ಸುಣ್ಣ ಕಲೆಸಿದ ಮಣ್ಣಿನಂತೆ ಬೆಳ್ಳಗೆ ಜಿಗುಟಾಯಿತು. ದೃಷ್ಟಿಯಾಗಿದೆಯೆಂದು ಮನೆಯವರು ಉಪ್ಪು ನಿವಾಳಿಸಿದರು. ನಾನಾದರೋ ಓದಿದವನೆಂಬ ಬಿಂಕದಿಂದ ವಾಯುವಿಳಂಗದ ಕಷಾಯ ಕಾಸಿ ಗೊಟ್ಟದಿಂದ ಕುಡಿಸಿದೆನು. ನಾಲ್ಕನೆಯ ವಾರದಲ್ಲಿ ಕರು ತೀರಿಕೊಂಡಿತು.

ಪಶುವೈದ್ಯರು ಬಂದು ಅದರ ಕರುಳನ್ನು ಬಿಡಿಸಿ ತೋರಿಸಿದಾಗ, ಕುದಿಸಿದ ಶಾವಿಗೆಯ ಮುದ್ದೆಯಂತೆ ಬಿಳಿಯ ದುಂಡುಹುಳುಗಳು ಅದರಲ್ಲಿ ಕಿಕ್ಕಿರಿದಿದ್ದವು. ತಾಯಿಗೆ ಔಷಧ ಕೊಟ್ಟಿದ್ದೆನಲ್ಲ ಎಂದು ನಾನು ವಾದಿಸಿದೆ. ಅವರು ಸಮಾಧಾನದಿಂದ, “ಗುರುಗಳ, ನೀವು ಔಷಧ ಕೊಟ್ಟದ್ದು ತಾಯಿಯ ಹೊಟ್ಟಿಗೆ. ಹುಳದ ಮರಿ ಮಲಗಿದ್ದು ಆಕಿ ಮೈಯಾಗ. ಅದು ಹಾಲಿನ್ಯಾಗ ಇಳಿದು ಕರುವಿಗೆ ಬಂತು” ಎಂದರು.

ಆ ಒಂದು ವಾಕ್ಯವು ನನ್ನ ಅಹಂಕಾರವನ್ನು ಇಳಿಸಿತು. ಕರುಗಳ ಈ ದುಂಡುಹುಳುವಿನ ಹೆಸರು ಟಾಕ್ಸೊಕಾರ ವಿಟ್ಯುಲೋರಮ್. ಇದರ ಮರಿಗಳು ತಾಯಿಯ ಅಂಗಾಂಶಗಳಲ್ಲಿ ನಿದ್ರಿಸುತ್ತಿದ್ದು, ಈದ ಕೂಡಲೆ ಎಚ್ಚತ್ತು ಹಾಲಿನೊಡನೆ ಕರುವಿನ ಕರುಳನ್ನು ಸೇರುತ್ತವೆ. ನಿದ್ರಿಸುವ ಮರಿಗಳಿಗೆ ನಾವು ಸಾಮಾನ್ಯವಾಗಿ ಕೊಡುವ ಔಷಧವು ತಟ್ಟುವುದಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಹುಳುಗಳು ಬಲಿತು ಮೊಟ್ಟೆಯಿಡತೊಡಗುತ್ತವೆ. ಒಂದೊಂದು ಹೆಣ್ಣುಹುಳು ದಿನಕ್ಕೆ ಲಕ್ಷದಷ್ಟು ಮೊಟ್ಟೆ ಇಡಬಲ್ಲುದು. ಆದ್ದರಿಂದ ಕರುವಿಗೆ ಮೊದಲ ಔಷಧವು ಹುಟ್ಟಿದ ಹತ್ತರಿಂದ ಹದಿನಾರು ದಿನಗಳ ಒಳಗೆ ಬೀಳಬೇಕು. ಆಗ ಹುಳುವು ಎಳೆಯದಾಗಿರುವಾಗಲೇ ಸಾಯುವುದಲ್ಲದೆ, ಕೊಟ್ಟಿಗೆಯ ನೆಲಕ್ಕೆ ಮೊಟ್ಟೆಗಳು ಬೀಳುವುದೂ ತಪ್ಪುತ್ತದೆ. ಹಾಲಿನಲ್ಲಿ ಹುಳು ಬರುವುದೆಂದು ಹೆದರಿ ಗಿಣ್ಣದ ಹಾಲನ್ನು ಮಾತ್ರ ಯಾರೂ ತಪ್ಪಿಸಕೂಡದು. ಕರುವಿನ ಜೀವರಕ್ಷೆ ಇರುವುದೇ ಅದರಲ್ಲಿ. ನನ್ನ ಕಷಾಯ ಕೆಟ್ಟದ್ದೆಂದು ನಾನು ಹೇಳಲಾರೆ. ವಿಡಂಗವು ಶಾಸ್ತ್ರಸಮ್ಮತವಾದ ಕ್ರಿಮಿಹರ ದ್ರವ್ಯವೇ ಸರಿ. ಆದರೆ ಯಾವ ಹುಳು, ಯಾವಾಗ ಬಂದಿತು, ಎಲ್ಲಿ ಕುಳಿತಿದೆ ಎಂಬುದನ್ನು ತಿಳಿಯದೆ ಕೊಟ್ಟ ಔಷಧವು ಕತ್ತಲೆಯಲ್ಲಿ ಎಸೆದ ಕಲ್ಲು.

ಹೊಳೆದಂಡೆಯ ಶತ್ರು

ಕರುಗಳಿಗೆ ದುಂಡುಹುಳು ಶತ್ರುವಾದರೆ, ಬೆಳೆದ ದನಗಳಿಗೆ ನಮ್ಮ ಭಾಗದ ಮುಖ್ಯ ಶತ್ರು ಎಲೆಯಾಕಾರದ ಚಪ್ಪಟೆಹುಳು. ವೈದ್ಯರು ಇದನ್ನು ಲಿವರ್ ಫ್ಲೂಕ್ ಎನ್ನುತ್ತಾರೆ. ಇದು ಪಿತ್ತಜನಕಾಂಗದ ಪಿತ್ತನಾಳಗಳಲ್ಲಿ ವಾಸಿಸುವುದು. ಇದರ ಜೀವನಚರಿತ್ರೆಯನ್ನು 1881ರಿಂದ 1883ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಶೋಧಿಸಿದರು. ಅದನ್ನು ಓದಿದರೆ ಯಾವ ಪುರಾಣದ ಮಾಯಾರೂಪಗಳೂ ಇದರ ಮುಂದೆ ಸಪ್ಪೆಯೆನಿಸುತ್ತವೆ.

ಹುಳುವಿನ ಮೊಟ್ಟೆಯು ಸೆಗಣಿಯೊಡನೆ ಹೊರಬಿದ್ದು ನೀರನ್ನು ಸೇರುತ್ತದೆ. ಅಲ್ಲಿ ಒಡೆದು ಹೊರಬಂದ ಮರಿಯು ಈಜುತ್ತ ಒಂದು ಬಗೆಯ ಬಸವನಹುಳುವನ್ನು ಹುಡುಕಿ ಅದರ ಒಡಲನ್ನು ಹೊಗುತ್ತದೆ. ಒಂದಾಗಿ ಹೊಕ್ಕದ್ದು ಅಲ್ಲಿ ನೂರಾರಾಗಿ, ಬಾಲವುಳ್ಳ ಮರಿಗಳ ರೂಪದಲ್ಲಿ ಹೊರಬಂದು, ನೀರಂಚಿನ ಹುಲ್ಲಿನ ಕಡ್ಡಿಗೆ ಅಂಟಿಕೊಂಡು, ಬಾಲ ಕಳಚಿ, ಕವಚ ತೊಟ್ಟು ಕುಳಿತುಬಿಡುತ್ತದೆ. ಆ ಹುಲ್ಲನ್ನು ತಿಂದ ದನದ ಕರುಳನ್ನು ತೂರಿ ಪಿತ್ತಜನಕಾಂಗಕ್ಕೆ ಹೋಗಿ ಬಲಿಯಲು ಮೂರು ನಾಲ್ಕು ತಿಂಗಳು ಬೇಕು. ಮಳೆಗಾಲದಲ್ಲಿ ತಿಂದ ಹುಲ್ಲಿನ ಫಲವು ಚಳಿಗಾಲದಲ್ಲಿ ಕಾಣಿಸುವುದು ಹೀಗೆ. ಹಾಲು ಇಳಿಯುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಬಾವು ಜೋಲಾಡುತ್ತದೆ. ಆ ಬಾವನ್ನು ಕಂಡು ಕಾದ ಕಬ್ಬಿಣದಿಂದ ಬರೆ ಹಾಕುವ ಕ್ರೌರ್ಯವು ನಮ್ಮಲ್ಲಿ ಇತ್ತು. ರೋಗವಿರುವುದು ಯಕೃತ್ತಿನಲ್ಲಿ, ಬರೆ ಬೀಳುವುದು ಗದ್ದಕ್ಕೆ!

ಈ ಕಥೆಗೆ ಬೇಕಾದ ರಂಗಸ್ಥಳವೆಲ್ಲ ನಮ್ಮ ಊರುಗಳಲ್ಲಿ ಸಿದ್ಧವಾಗಿದೆ. ಇಲ್ಲಿ 1939ರಲ್ಲಿ ಸಕ್ಕರೆ ಕಾರಖಾನೆಯ ಸಂಸ್ಥೆ ಸ್ಥಾಪನೆಯಾದ ಮೇಲೆ ಕಬ್ಬು ಈ ನೆಲದ ಮುಖ್ಯ ಬೆಳೆಯಾಯಿತು. ಜಾಕ್‌ವೆಲ್‌ಗಳಿಂದ ಏರಿಸಿದ ಹೊಳೆಯ ನೀರು ವರ್ಷವಿಡೀ ಕಾಲುವೆಗಳಲ್ಲಿ ಹರಿಯುತ್ತದೆ. ಮಿತಿಮೀರಿ ನೀರು ಹಾಯಿಸಿದ ಹೊಲಗಳು ಸವಳು ಜವಳಾಗಿ ತಗ್ಗುಗಳಲ್ಲಿ ನೀರು ಮಡುಗಟ್ಟುತ್ತದೆ. 2005 ಮತ್ತು 2019ರ ಮಹಾಪೂರಗಳಲ್ಲಿ ಕೃಷ್ಣೆಯು ದಂಡೆ ಮೀರಿ ಹರಿದುದನ್ನು ನಾವೆಲ್ಲ ಕಂಡಿದ್ದೇವೆ. ಮಹಾಪೂರ ಇಳಿದ ಮೇಲೂ ಹೊಂಡಗಳಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು, ಅದರಲ್ಲಿ ಬಸವನಹುಳು, ಅದರ ಅಂಚಿನಲ್ಲಿ ಹಸಿರು ಹುಲ್ಲು, ಆ ಹುಲ್ಲಿಗೆ ಹಾತೊರೆಯುವ ಎಮ್ಮೆ. ಇನ್ನೇನು ಬೇಕು? ದನಗಳ ಮೂಗಿನಲ್ಲಿ ಗಂಟಾಗಿ ಉಸಿರಾಟದಲ್ಲಿ ಸದ್ದು ಬರುವ ಗೊರಕೆ ರೋಗವೂ ಬಸವನಹುಳುವಿನ ಮೂಲಕವೇ ಬರುವ ಇನ್ನೊಂದು ಚಪ್ಪಟೆಹುಳುವಿನದು. ಮದರಾಸಿನ ಅನಂತನಾರಾಯಣ ರಾಯರು 1933ರಲ್ಲಿ ಆ ಹುಳುವನ್ನು ವರ್ಣಿಸಿ ಲೋಕಕ್ಕೆ ತಿಳಿಸಿದರು.

ಮೊದಲನೆಯದು: ಅಪಕರ್ಷಣ

ಈಗ ಚಿಕಿತ್ಸೆಯ ಮೂರು ಪಾಲುಗಳನ್ನು ಕ್ರಮವಾಗಿ ನೋಡೋಣ. ಹೊರಹಾಕುವ ಔಷಧಗಳಿಗೆ ಇಂದು ಕೊರತೆಯಿಲ್ಲ. 1961ರಲ್ಲಿ ಥಯಾಬೆಂಡಜೋಲ್ ಬಂದಿತು. ಅದರ ಬಳಗದ ಅಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್‌ಗಳನ್ನು ಈಗ ರೈತರ ಮಕ್ಕಳೂ ಬಲ್ಲರು. ಜಪಾನಿನ ಸತೋಶಿ ಒಮುರ ಅವರು ತಮ್ಮ ನಾಡಿನ ಮಣ್ಣಿನಲ್ಲಿ ಕಂಡುಹಿಡಿದ ಸೂಕ್ಷ್ಮಜೀವಿಯಿಂದ ಐವರ್‌ಮೆಕ್ಟಿನ್ ಎಂಬ ಔಷಧವು ಸಿದ್ಧವಾಗಿ 1981ರಲ್ಲಿ ದನಗಳ ಬಳಕೆಗೆ ಬಂದಿತು. ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯ ಗೌರವ ಸಂದಿತು. ಒಂದು ಹಿಡಿ ಮಣ್ಣಿನಿಂದ ಲೋಕೋಪಕಾರವಾದ ಬಗೆ ಇದು.

ಆದರೆ ಒಂದು ಔಷಧ ಎಲ್ಲಕ್ಕೂ ಸಲ್ಲದು. ಐವರ್‌ಮೆಕ್ಟಿನ್ನು ದುಂಡುಹುಳುವನ್ನೂ ಮೈಮೇಲಿನ ಹೇನು, ಕಜ್ಜಿಯ ಕ್ರಿಮಿಗಳನ್ನೂ ಕೊಲ್ಲುವುದು. ಚಪ್ಪಟೆಹುಳುವಿಗೂ ಲಾಡಿಹುಳುವಿಗೂ ಅದು ನಿಷ್ಪ್ರಯೋಜಕ. ಅಲ್ಬೆಂಡಜೋಲ್ ಬಲಿತ ಲಿವರ್ ಫ್ಲೂಕನ್ನು ಕೊಲ್ಲುವುದು, ಎಳೆಯದನ್ನು ಬಿಡುವುದು. ಎಳೆಯದಕ್ಕೂ ತಟ್ಟುವ ಔಷಧವೆಂದರೆ ಟ್ರೈಕ್ಲಾಬೆಂಡಜೋಲ್. ಗರ್ಭ ಕಟ್ಟಿದ ಮೊದಲ ಒಂದೂವರೆ ತಿಂಗಳಲ್ಲಿ ಅಲ್ಬೆಂಡಜೋಲ್ ಕೊಟ್ಟರೆ ಗರ್ಭಕ್ಕೆ ಕೇಡು. ಆದ್ದರಿಂದ ಹೆಸರು ಕೇಳಿ ಔಷಧ ಕೊಳ್ಳದೆ, ದನದ ಸ್ಥಿತಿಯನ್ನು ಹೇಳಿ ವೈದ್ಯರಿಂದ ಬರೆಸಿಕೊಳ್ಳಬೇಕು.

ಎರಡನೆಯ ಮಾತು ಪ್ರಮಾಣದ್ದು. “ಒಂದು ದನಕ್ಕೆ ಒಂದು ಬಾಟಲಿ” ಎಂಬುದು ನಮ್ಮವರ ಲೆಕ್ಕ. ಔಷಧವು ಬೀಳಬೇಕಾದುದು ತಲೆಯೆಣಿಕೆಯಿಂದಲ್ಲ, ತೂಕದಿಂದ. ತಕ್ಕಡಿ ಇಲ್ಲದಿದ್ದರೂ ದನದ ತೂಕವನ್ನು ದಾರದಿಂದ ಅಳೆಯಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೊನೆಯಿಂದ ಪೃಷ್ಠದ ಎಲುಬಿನವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕವು ಸುಮಾರಾಗಿ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಸುತ್ತಳತೆ 64 ಇಂಚು, ಉದ್ದ 56 ಇಂಚು ಇದ್ದರೆ ತೂಕ ಸುಮಾರು 347 ಕಿಲೋಗ್ರಾಂ. ಲಿವರ್ ಫ್ಲೂಕಿಗೆ ಅಲ್ಬೆಂಡಜೋಲನ್ನು ಕಿಲೋಗ್ರಾಂ ತೂಕಕ್ಕೆ 10 ಮಿಲಿಗ್ರಾಮಿನಂತೆ ಕೊಡುವುದು ರೂಢಿ. ಮಿಲಿಲೀಟರಿಗೆ 25 ಮಿಲಿಗ್ರಾಂ ಇರುವ ದ್ರಾವಣವಾದರೆ ಈ ದನಕ್ಕೆ 139 ಮಿಲಿಲೀಟರ್ ಬೇಕು. ನೂರು ಮಿಲಿಲೀಟರಿನ ಒಂದು ಬಾಟಲಿ ಸುರಿದವನು ಕಾಲು ಪಾಲಿಗಿಂತಲೂ ಹೆಚ್ಚು ಕೊರತೆ ಮಾಡಿದಂತಾಯಿತು.

ಕಡಿಮೆ ಕೊಟ್ಟರೆ ನಷ್ಟವೇನು ಎನ್ನಬೇಡಿ. ದುರ್ಬಲ ಹುಳುಗಳು ಸತ್ತು, ಔಷಧವನ್ನು ತಾಳಬಲ್ಲ ಹುಳುಗಳು ಉಳಿದು, ಅವುಗಳ ಸಂತಾನವೇ ಬೆಳೆಯುತ್ತದೆ. ಥಯಾಬೆಂಡಜೋಲ್ ಬಂದ ಮೂರು ನಾಲ್ಕು ವರ್ಷಗಳಲ್ಲಿಯೇ ಅಮೆರಿಕೆಯ ಕುರಿಗಳ ಹುಳುಗಳು ಅದನ್ನು ಗೆದ್ದುದು ದಾಖಲಾಗಿದೆ. ಬೇಡದಾಗ ಪದೇಪದೇ ಕೊಡುವುದರಿಂದಲೂ ಇದೇ ಅನರ್ಥ. ಬೆಳೆದ ದನಗಳು ದುಂಡುಹುಳುಗಳನ್ನು ಎದುರಿಸುವ ಶಕ್ತಿಯನ್ನು ತಾವೇ ಬಹುಮಟ್ಟಿಗೆ ಪಡೆದಿರುತ್ತವೆ. ಸೆಗಣಿ ಪರೀಕ್ಷೆ ಮಾಡಿಸಿ, ಅಗತ್ಯವಿದ್ದ ದನಕ್ಕೆ, ತುಂಬು ಪ್ರಮಾಣದಲ್ಲಿ ಕೊಡುವುದು ವಿವೇಕ.

ಕಾಲದ ನೆನಪಿಗೆ ನಮ್ಮ ಪಂಚಾಂಗವೇ ಸಾಕು. ಕಾರ ಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವ ಮೊದಲು, ಮುಂಗಾರಿನ ನೀರಿಗೆ ಮೊಟ್ಟೆಗಳು ಬೀಳದಂತೆ ಒಂದು ಸಲ; ಮಳೆಗಾಲದಲ್ಲಿ ಹೊಕ್ಕ ಚಪ್ಪಟೆಹುಳು ಬಲಿತಿರುವ ಎಳ್ಳಮಾವಾಸ್ಯೆಯ ಹೊತ್ತಿಗೆ ಇನ್ನೊಂದು ಸಲ ವೈದ್ಯರಲ್ಲಿಗೆ ಹೋಗಬೇಕು. ಗೊಟ್ಟ ಹಾಕುವಾಗ ದನದ ಮುಖವನ್ನು ಆಕಾಶಕ್ಕೆತ್ತಿ ನಾಲಿಗೆ ಎಳೆಯಬಾರದು. ಔಷಧವು ಶ್ವಾಸಕೋಶಕ್ಕೆ ಇಳಿದರೆ ಹುಳುವಿಗಿಂತ ಮೊದಲು ದನವೇ ಸಾಯುತ್ತದೆ. ಔಷಧ ಕೊಟ್ಟ ಮೇಲೆ ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ದಾಸೋಹಕ್ಕೂ ಕೊಡಲಾಗದು. ಐವರ್‌ಮೆಕ್ಟಿನ್ನಿನ ಅಂಶವು ಹಾಲಿನಲ್ಲಿ ಬಹುದಿನ ಉಳಿಯುವುದರಿಂದ ಹಾಲು ಕೊಡುವ ದನಕ್ಕೆ ಅದನ್ನು ತಾವಾಗಿಯೇ ಹಾಕಿಸಬಾರದು.

ಎರಡನೆಯದು: ಪ್ರಕೃತಿವಿಘಾತ

ಹುಳುವು ತನ್ನ ಆಯುಷ್ಯದ ಒಂದು ಭಾಗವನ್ನು ದನದ ಹೊರಗೆ ಕಳೆಯುತ್ತದೆ. ಅಲ್ಲಿ ಅದರ ನೆಲೆ ಕೆಡಿಸುವುದು ಬಹು ಸುಲಭ, ವೆಚ್ಚವೂ ಇಲ್ಲ. ಹಸಿ ಸೆಗಣಿಯನ್ನು ಮೇವಿನ ಮಡಿಗೆ ನೇರವಾಗಿ ಹಾಕುವ ಅಭ್ಯಾಸವು ಹುಳುವಿಗೆ ಮರಳಿ ಊಟ ಬಡಿಸಿದಂತೆ. ಅದನ್ನು ತಿಪ್ಪೆಯಲ್ಲಿ ಒಟ್ಟಿ, ಮುಚ್ಚಿ, ತಿರುವಿ ಹಾಕಿದರೆ ಒಳಗಿನ ಕಾವಿಗೆ ಮೊಟ್ಟೆಗಳೂ ಮರಿಗಳೂ ಸಾಯುತ್ತವೆ. ತಿಪ್ಪೆಯು ಕಾಲುವೆಗೂ ಬಾವಿಗೂ ದೂರವಿರಲಿ. ಕೊಟ್ಟಿಗೆಯ ಸುತ್ತಲಿನ ತಗ್ಗುಗಳನ್ನು ತುಂಬಿ, ಬಚ್ಚಲ ನೀರು ಮಡುಗಟ್ಟದಂತೆ ಹರಿಬಿಡಬೇಕು. ನೀರು ಒಣಗಿದಲ್ಲಿ ಬಸವನಹುಳುವಿನ ಸಂತತಿ ಕ್ಷೀಣಿಸುತ್ತದೆ. ಬಾತುಕೋಳಿಗಳು ಬಸವನಹುಳುವನ್ನು ಆಯ್ದು ತಿನ್ನುವುದುಂಟು. ಹೊಲಕ್ಕೆ ಹದವರಿತು ನೀರು ಹಾಯಿಸುವವನು ಕಬ್ಬನ್ನೂ ಕಾಯುತ್ತಾನೆ, ಮಣ್ಣನ್ನೂ ಕಾಯುತ್ತಾನೆ, ದನದ ಯಕೃತ್ತನ್ನೂ ಕಾಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಸೆಗಣಿಯನ್ನು ಉರುಳಿಸಿ ನೆಲದೊಳಗೆ ಸೇರಿಸುವ ಸೆಗಣಿದುಂಬಿಯು ನಮ್ಮ ಕೂಲಿಯಿಲ್ಲದ ಆಳು. ಐವರ್‌ಮೆಕ್ಟಿನ್ ಕೊಟ್ಟ ದನದ ಸೆಗಣಿಯಲ್ಲಿ ಉಳಿದ ಔಷಧವು ಆ ದುಂಬಿಯ ಮರಿಗಳನ್ನೂ ಕೊಲ್ಲುವುದೆಂದು ಕಂಡುಬಂದಿದೆ. ಔಷಧವನ್ನು ಮಿತವಾಗಿ ಬಳಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು: ನಿದಾನಪರಿವರ್ಜನ

ಕಾರಣವನ್ನು ಬಿಟ್ಟರೆ ಕಾರ್ಯವಿಲ್ಲ. ಚಪ್ಪಟೆಹುಳುವಿನ ಕವಚಧಾರಿ ಮರಿಗಳು ಇರುವುದು ನೀರಂಚಿನ ಹುಲ್ಲಿನ ಬುಡದಲ್ಲಿ. ಆದುದರಿಂದ ಕಾಲುವೆಯ ದಂಡೆಯ ಹುಲ್ಲನ್ನು ಬುಡಸಹಿತ ಕೊಯ್ಯದೆ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಕೊಯ್ಯಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಇನ್ನೂ ಕ್ಷೇಮ. ಜೋಳದ ಕಣಿಕೆ ಇರುವ ಮನೆಯವರು ಮಳೆಗಾಲಕ್ಕೆ ಅದನ್ನು ಉಳಿಸಿಕೊಳ್ಳಲಿ. ದುಂಡುಹುಳುವಿನ ಮರಿಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ತುದಿಗೆ ಏರುವುದರಿಂದ, ಇಬ್ಬನಿ ಆರಿದ ಮೇಲೆ ದನಗಳನ್ನು ಮೇಯಲು ಬಿಡಬೇಕು. ಹೊಂಡದ ನೀರಿಗಿಂತ ತೊಟ್ಟಿಯ ನೀರು ಲೇಸು. ಕರುಗಳನ್ನು ದೊಡ್ಡ ದನಗಳಿಂದ ಬೇರೆಯಾಗಿ ಒಣನೆಲದಲ್ಲಿ ಕಟ್ಟಬೇಕು. ಚಿಂಚಲಿಯ ಮಾಯಕ್ಕನ ಜಾತ್ರೆಯಿಂದಲೋ ಸಂತೆಯಿಂದಲೋ ಖಿಲಾರಿ ಹೋರಿಯನ್ನು ಕೊಂಡುತಂದರೆ, ಅದು ತನ್ನ ಹುಳುಗಳನ್ನೂ ಜೊತೆಗೆ ತಂದಿರುತ್ತದೆಂದು ಭಾವಿಸಿ ಕೆಲವು ದಿನ ಪ್ರತ್ಯೇಕವಾಗಿಟ್ಟು, ಸೆಗಣಿ ನೋಡಿಸಿ, ಔಷಧ ಕೊಡಿಸಿದ ಬಳಿಕವೇ ಹಟ್ಟಿಗೆ ಸೇರಿಸಬೇಕು.

ಶಿಕ್ಷಕರಿಗೂ ದಾನಿಗಳಿಗೂ

ಇದನ್ನೆಲ್ಲ ರೈತನಿಗೆ ಹೇಳುವವರಾರು? ಭಾಷಣದಿಂದ ಇದು ತಲೆಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣಬೇಕು. ನಮ್ಮ ವಿಜ್ಞಾನ ಶಿಕ್ಷಕರಲ್ಲಿ ನನ್ನ ವಿನಂತಿ ಇದು. ಒಂದು ಚಿಟಿಕೆ ಸೆಗಣಿಯನ್ನು ಅಡುಗೆಯ ಉಪ್ಪಿನ ದಟ್ಟ ದ್ರಾವಣದಲ್ಲಿ ಕದಡಿ ಸೋಸಿ ಸ್ವಲ್ಪ ಹೊತ್ತು ಬಿಟ್ಟರೆ ದುಂಡುಹುಳುವಿನ ಮೊಟ್ಟೆಗಳು ಮೇಲೆ ತೇಲುತ್ತವೆ. ಚಪ್ಪಟೆಹುಳುವಿನ ಮೊಟ್ಟೆಗಳು ಭಾರವಾದುದರಿಂದ ಅವನ್ನು ಬರಿಯ ನೀರಿನಲ್ಲಿ ಕದಡಿ ತಳದ ಗಸಿಯಲ್ಲಿ ಹುಡುಕಬೇಕು. ಒಂದು ಸೂಕ್ಷ್ಮದರ್ಶಕವಿದ್ದರೆ ಹತ್ತನೆಯ ತರಗತಿಯ ಬಾಲಕನು ತನ್ನ ಮನೆಯ ಎಮ್ಮೆಯ ಹುಳುವಿನ ಮೊಟ್ಟೆಯನ್ನು ತನ್ನ ಕಣ್ಣಿನಿಂದಲೇ ಕಾಣಬಹುದು. ನಿರ್ಣಯ ಹೇಳುವ ಅಧಿಕಾರ ಪಶುವೈದ್ಯರದೇ. ಆದರೆ ಒಮ್ಮೆ ಕಂಡವನು ದೃಷ್ಟಿ ತೆಗೆಯುವುದರಲ್ಲಿ ಕಾಲ ಕಳೆಯಲಾರನು, ಅಳತೆಯಿಲ್ಲದೆ ಬಾಟಲಿ ಸುರಿಯಲಾರನು. ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳುವ ಪಾಠವೂ ಇದರೊಡನೆಯೇ ಆಗುವುದು.

ಮಠಗಳಿಗೆ ಗೋದಾನ ಮಾಡುವ ಭಕ್ತರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ದಾನವೆಂಬುದು ಹಗ್ಗವನ್ನು ಕೈಗಿತ್ತು ನಮಸ್ಕರಿಸಿದಲ್ಲಿಗೆ ಮುಗಿಯಬಾರದು. ಕೊಡುವ ದನದ ಸೆಗಣಿ ಪರೀಕ್ಷೆ ಮಾಡಿಸಿ, ಯಾವ ಔಷಧ ಎಂದು ಬಿತ್ತೆಂಬ ಚೀಟಿಯೊಡನೆ ಕೊಟ್ಟರೆ ಅದು ಪೂರ್ಣದಾನ. ಶಾಲೆಗೆ ಒಂದು ಸೂಕ್ಷ್ಮದರ್ಶಕವನ್ನು ಕೊಟ್ಟರೆ ಅದೂ ಗೋದಾನವೇ ಎಂಬುದು ನನ್ನ ನಂಬಿಕೆ. ಅದರಿಂದ ಉಳಿಯುವ ಕರುಗಳನ್ನು ಎಣಿಸಿ ನೋಡಬಹುದು.

ನಮ್ಮ ಮನೆಯ ಆ ಕರು ಸತ್ತ ಮರುವರ್ಷ ಅದೇ ಎಮ್ಮೆ ಮತ್ತೆ ಈಯಿತು. ಹನ್ನೆರಡನೆಯ ದಿನ ವೈದ್ಯರು ಹೇಳಿದ ಔಷಧವನ್ನು ಕರುವಿಗೆ ಕುಡಿಸಿದೆವು, ನೆಲವನ್ನು ಒಣಗಿಸಿದೆವು, ತಿಪ್ಪೆಯನ್ನು ದೂರಕ್ಕೆ ಸರಿಸಿದೆವು. ಆ ಕರು ಬೆಳೆದು, ಈದು, ಬಹುಕಾಲ ನಮ್ಮ ಮನೆಗೆ ಹಾಲೆರೆಯಿತು. ಮಾತಿಲ್ಲದ ಜೀವವು ತನ್ನ ನೋವನ್ನು ನಮ್ಮಲ್ಲಿ ಹೇಳಿಕೊಳ್ಳಲಾರದು. ಆದಕಾರಣ ಅರಿಯುವ ಹೊಣೆ ನಮ್ಮದು. ಅರಿವಿಲ್ಲದ ದಯೆ ಕುರುಡು, ಆಚಾರವಿಲ್ಲದ ಅರಿವು ಹೆಳವು. ಇವೆರಡೂ ಕೂಡಿದ ಕೊಟ್ಟಿಗೆಯ ಕಾಯಕವು ಪೂಜೆಗಿಂತ ಕಡಿಮೆಯದಲ್ಲವೆಂದು ಅರಿಕೆ ಮಾಡಿಕೊಳ್ಳುವೆನು.